ನಾನು ತೆಗೆದುಹಾಕಿದ ಬಟನ್‌ಗಳು

ಮೈಕ್ರೋಸಾಫ್ಟ್ ಆಫೀಸ್ ತಂಡದವರು 2007ರ ಆವೃತ್ತಿ ತರೋಕೆ ಮುಂಚೆ ಒಂದು ಲೆಕ್ಕ ತೆಗೆದಿದ್ದರು. ಜನ ವರ್ಡ್ 2003ರಲ್ಲಿ ನಿಜವಾಗಿ ಏನು ಒತ್ತುತ್ತಾರೆ ಅಂತ. ಪೇಸ್ಟ್, ಸೇವ್, ಕಾಪಿ, ಅಂಡೂ, ಬೋಲ್ಡ್. ಈ ಐದೇ ಸೇರಿ ಒಟ್ಟು ಬಳಕೆಯಲ್ಲಿ ನೂರಕ್ಕೆ ಸುಮಾರು 32 ಪಾಲು. ಪೇಸ್ಟ್ ಒಂದೇ 11ಕ್ಕಿಂತ ಜಾಸ್ತಿ. ಆ ವರ್ಡ್‌ನಲ್ಲಿ ಇದ್ದ ಕಮಾಂಡುಗಳು ಎಷ್ಟು ಗೊತ್ತಾ? 1500ಕ್ಕೂ ಹೆಚ್ಚು. ಟೂಲ್‌ಬಾರ್‌ಗಳೇ 30 ದಾಟಿದ್ದವು.

ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಇತ್ತು, ನನಗೆ ಅದೇ ಜಾಸ್ತಿ ಕುತೂಹಲದ್ದು. ಟೂಲ್‌ಬಾರನ್ನು ತಮಗೆ ಬೇಕಾದ ಹಾಗೆ ಬದಲಿಸಿಕೊಂಡವರು ಎಷ್ಟು ಜನ? ಪ್ರೋಗ್ರಾಂ ನೂರು ಸಲ ತೆರೆದರೆ ಅದರಲ್ಲಿ ಎರಡು ಸಲಕ್ಕಿಂತಲೂ ಕಡಿಮೆ. ಉಳಿದವರೆಲ್ಲ ಕಂಪನಿಯವರು ಹೇಗೆ ಕೊಟ್ಟರೋ ಹಾಗೇ ಇಟ್ಟುಕೊಂಡಿದ್ದರು. ತಪ್ಪೇನಿಲ್ಲ ಬಿಡಿ. ಆಫೀಸಿನಲ್ಲಿ ಒಂದು ಪತ್ರ ಟೈಪ್ ಮಾಡಿ ಪ್ರಿಂಟ್ ತೆಗೆಯುವವರಿಗೆ ಮೇಲಿನ ಸಾಲಿನ ಬಟನ್‌ಗಳು ಎಡಕ್ಕಿದ್ದರೇನು, ಬಲಕ್ಕಿದ್ದರೇನು?

ನಾನು ಆ ಎರಡರ ಗುಂಪಿನವನು. ದಿನವಿಡೀ ಕನ್ನಡದಲ್ಲಿ ಬರೆಯೋದು, ಬೇರೆಯವರು ಬರೆದದ್ದನ್ನು ತಿದ್ದೋದು ನನ್ನ ಕೆಲಸ. ನನ್ನ ವರ್ಡ್ ಪ್ರೊಸೆಸರ್ ನೋಡಿದ ಸ್ನೇಹಿತರು "ಇದೇನಪ್ಪಾ, ಇನ್‌ಸ್ಟಾಲ್ ಸರಿಯಾಗಿ ಆಗಿಲ್ವಾ?" ಅಂತ ಕೇಳಿದ್ದಾರೆ. ಅಷ್ಟು ಖಾಲಿ. ಆದರೆ ಇದು ಚಂದಕ್ಕೆ ಅಂತ ಶುರುವಾಗಿದ್ದಲ್ಲ. ಇಂಗ್ಲಿಷಿನಲ್ಲಿ ಬರೆಯುವವರು ಹೊಸ ಕಂಪ್ಯೂಟರ್ ಆನ್ ಮಾಡಿ ಸೀದಾ ಬರೆಯೋಕೆ ಕೂರಬಹುದು. ಕನ್ನಡದವರು ಮೊದಲು ಸ್ವಲ್ಪ ಹೊತ್ತು ರಿಪೇರಿ ಮಾಡಬೇಕು. ಅವರಿಗೆ ಇದು ಹವ್ಯಾಸ, ನಮಗೆ ಅನಿವಾರ್ಯ. ಈ ವ್ಯತ್ಯಾಸ ಒಂದು ಸಲ ಕಣ್ಣಿಗೆ ಬಿದ್ದ ಮೇಲೆ ಪ್ರತಿಯೊಂದು ಸೆಟ್ಟಿಂಗ್‌ನಲ್ಲೂ ಅದೇ ಕಾಣುತ್ತದೆ.

ಹಳೆಯ ಡಿಟಿಪಿ ದಿನಗಳನ್ನೇ ತಗೊಳ್ಳಿ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರೋಕೆ ಮುಂಚೆ ನಾವು ಕನ್ನಡ ಟೈಪ್ ಮಾಡುತ್ತಿದ್ದದ್ದು ಒಂಥರಾ ಕಣ್ಕಟ್ಟು. ನುಡಿ, ಬರಹ, ಶ್ರೀಲಿಪಿ ಅನ್ನೋ ಕನ್ನಡ ಟೈಪಿಂಗ್ ಪ್ರೋಗ್ರಾಂಗಳಲ್ಲಿ ಯಾವುದೇ ಇರಲಿ, ಒಳಗೆ ಕೂತಿರುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಕಾಣುತ್ತಿದ್ದದ್ದು ಮಾತ್ರ ಕನ್ನಡ. ಫಾಂಟ್ ಬದಲಿಸಿದರೆ ಬಣ್ಣ ಬಯಲು. ಪ್ರೋಗ್ರಾಂ ಪಾಲಿಗೆ ನೀವು ಬರೆಯುತ್ತಿರೋದು ಇಂಗ್ಲಿಷೇ. ಹಾಗಾಗಿ ಅದು ಇಂಗ್ಲಿಷಿಗೆ ಮಾಡುವ ಸೇವೆಯನ್ನೆಲ್ಲ ಇದಕ್ಕೂ ಮಾಡುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡೋದು ಅದರ ಅಭ್ಯಾಸ. ನುಡಿಯ ಹಳೆಯ ಫಾಂಟುಗಳಲ್ಲಿ ಚಿಕ್ಕ ಝಡ್ ಅಂದರೆ 'ದ'ದ ಭಾಗ, ದೊಡ್ಡ ಝಡ್ ಅಂದರೆ 'ಚ'ದ ಭಾಗ. ಆಟೋಕರೆಕ್ಟ್ ಹಾಗೇ ಬಿಟ್ಟಿದ್ದರೆ 'ದರ' ಇದ್ದದ್ದು 'ಚರ' ಆಗಿಬಿಡೋದು. ಚಿಕ್ಕ ಡಿ ಅಂದರೆ 'ಜ', ದೊಡ್ಡ ಡಿ ಅಂದರೆ 'ಆ'. ಅಂದರೆ 'ಜನ' ಅಂತ ವಾಕ್ಯ ಶುರು ಮಾಡಿದರೆ 'ಆನ'.

ಪ್ರೂಫ್ ನೋಡುವವರು ಇದನ್ನು ಟೈಪ್ ಮಾಡಿದವರ ತಪ್ಪು ಅಂದುಕೊಳ್ಳುತ್ತಿದ್ದರು. ಟೈಪ್ ಮಾಡಿದವರು "ನಾನು ಸರಿಯಾಗೇ ಹೊಡೆದೆ ಸಾರ್" ಅನ್ನುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ಹಳೆಯ ಡಿಟಿಪಿ ಕೈಗಳು ಹೊಸ ಮಷೀನ್ ಮುಂದೆ ಕೂತ ಕೂಡಲೇ ಆಟೋಕರೆಕ್ಟ್ ಪೆಟ್ಟಿಗೆ ತೆರೆದು ಇರೋ ಬರೋ ಟಿಕ್ಕುಗಳನ್ನೆಲ್ಲ ತೆಗೆಯೋದು. ಅವರನ್ನು ಕೇಳಿದರೆ ಯಾಕೆ ಅಂತ ವಿವರಿಸೋಕೂ ಹೋಗಲ್ಲ. "ಅದಿದ್ರೆ ಅಕ್ಷರ ಕೆಡುತ್ತೆ" ಅಷ್ಟೇ.

ಯೂನಿಕೋಡ್ ಬಂದ ಮೇಲೆ ಈ ಕಾಟ ಹೋಯಿತು. 'ದ' ಈಗ ನಿಜವಾಗಲೂ 'ದ'ವೇ. ಆದರೆ ಬೇರೆ ಕಾಟ ಬಂತು.

ನಾನು ಹೆಚ್ಚಾಗಿ ಬಳಸೋದು ಲಿಬ್ರೆಆಫೀಸ್ ರೈಟರ್, ವರ್ಡ್ ಥರದ್ದೇ ಇನ್ನೊಂದು ಪ್ರೋಗ್ರಾಂ. ಅದರಲ್ಲಿ ಪದ ಪೂರ್ತಿ ಮಾಡಿಕೊಡುವ ಒಂದು ಸೌಲಭ್ಯ ಇದೆ. ನೀವು ಬರೆದ ಎಂಟು ಅಥವಾ ಅದಕ್ಕಿಂತ ಹೆಚ್ಚು ಅಕ್ಷರಗಳ ಪದಗಳನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಅದೇ ರೀತಿ ಶುರುವಾಗುವ ಪದ ಬರೆಯುವಾಗ ಉಳಿದದ್ದನ್ನು ತಾನೇ ತೋರಿಸುತ್ತದೆ, ಎಂಟರ್ ಒತ್ತಿದರೆ ಒಪ್ಪಿಕೊಂಡೆ ಅಂತ ಅರ್ಥ. ಇಂಗ್ಲಿಷಿನಲ್ಲಿ ಎಂಟು ಅಕ್ಷರ ಅಂದರೆ ಉದ್ದದ ಪದ. ಕನ್ನಡದಲ್ಲಿ ಗುಣಿತ, ಅರ್ಧಾಕ್ಷರ ಮಾಡುವ ವಿರಾಮದ ಗುರುತು, ಒತ್ತು ಎಲ್ಲ ಬೇರೆ ಬೇರೆ ಅಕ್ಷರ ಅಂತ ಲೆಕ್ಕ. 'ಪುಸ್ತಕದಲ್ಲಿ' ಅನ್ನೋ ಸಾಮಾನ್ಯ ಪದವೇ ಆರಾಮಾಗಿ ಎಂಟು ದಾಟುತ್ತದೆ. ಹಾಗಾಗಿ ಹೆಚ್ಚುಕಡಿಮೆ ನೀವು ಬರೆದದ್ದೆಲ್ಲ ಅದರ ಪಟ್ಟಿಗೆ ಸೇರುತ್ತದೆ.

ಇನ್ನು ನಮ್ಮ ವಿಭಕ್ತಿ ಪ್ರತ್ಯಯಗಳು. ಒಂದು ಸಲ 'ವಿಶ್ವವಿದ್ಯಾಲಯದಲ್ಲಿ' ಅಂತ ಬರೆದಿದ್ದೀರಿ. ಮುಂದಿನ ಪ್ಯಾರಾದ ಕೊನೆಯಲ್ಲಿ 'ವಿಶ್ವವಿದ್ಯಾಲಯ' ಅಂತ ಬರೆದು ಹೊಸ ಸಾಲಿಗೆ ಹೋಗೋಣ ಅಂತ ಎಂಟರ್ ಒತ್ತುತ್ತೀರಿ. ಸಾಲು ಇಳಿಯಲ್ಲ, 'ದಲ್ಲಿ' ಬಂದು ಅಂಟಿಕೊಳ್ಳುತ್ತದೆ. ಶೀರ್ಷಿಕೆಗಳನ್ನು ಬರೆಯುವಾಗ, ಪಟ್ಟಿ ಮಾಡುವಾಗ, ಇದು ಪ್ರಾಣ ತಿನ್ನುತ್ತದೆ. ಕೆಲವರು ಒಪ್ಪಿಗೆಯ ಕೀಯನ್ನು ಎಂಟರ್‌ನಿಂದ ಟ್ಯಾಬ್‌ಗೆ ಬದಲಿಸಿಕೊಳ್ಳುತ್ತಾರೆ, ಅದಕ್ಕೂ ಅವಕಾಶ ಇದೆ. ನಾನು ಪೂರ್ತಿ ಆಫ್ ಮಾಡಿದೆ. ಕನ್ನಡದಲ್ಲಿ ಪದದ ಮೊದಲ ಭಾಗ ಊಹಿಸೋದು ಸುಲಭ, ಕೊನೆ ಊಹಿಸೋದೇ ಕಷ್ಟ. ಕೊನೆಯಲ್ಲೇ ತಾನೇ ನಮ್ಮ ವ್ಯಾಕರಣ ಎಲ್ಲ ಇರೋದು?

ಫಾಂಟಿನ ಕಥೆ ಇನ್ನೊಂದು. ರೈಟರ್‌ನಲ್ಲೂ ವರ್ಡ್‌ನಲ್ಲೂ ಒಂದೇ ಪ್ಯಾರಾಗೆ ಒಂದೇ ಫಾಂಟ್ ಅಂತ ಇಲ್ಲ. ಇಂಗ್ಲಿಷ್ ಥರದ ಲಿಪಿಗಳಿಗೆ ಒಂದು, ಚೀನಿ ಜಪಾನಿಗೆ ಒಂದು, ಅರಬ್ಬಿ ಮತ್ತು ನಮ್ಮ ಭಾರತೀಯ ಲಿಪಿಗಳಿಗೆ ಸೇರಿ ಮತ್ತೊಂದು. ಈ ಮೂರನೆಯ ಖಾನೆಗೆ 'ಕಾಂಪ್ಲೆಕ್ಸ್' ಅಂತ ಹೆಸರು. ನಮಗೆ ಸಲೀಸಾಗಿ ಬರುವ ಲಿಪಿ ಅವರ ಲೆಕ್ಕದಲ್ಲಿ ಜಟಿಲ, ಇರಲಿ. ರೈಟರ್‌ನಲ್ಲಿ ಈ ಖಾನೆ ಕಾಣಬೇಕಾದರೆ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಒಂದು ಟಿಕ್ ಹಾಕಬೇಕು. ಅದು ಗೊತ್ತಿಲ್ಲದವರು ಸ್ಟೈಲ್‌ನಲ್ಲಿ ಗಾತ್ರ 12ರಿಂದ 14 ಮಾಡುತ್ತಾರೆ, ಇಂಗ್ಲಿಷ್ ಪದಗಳು ಮಾತ್ರ ದೊಡ್ಡವಾಗುತ್ತವೆ, ಕನ್ನಡ ಅಲ್ಲಾಡಲ್ಲ. ವರ್ಡ್‌ನಲ್ಲಿ ಆಫೀಸಿನ ಮಾಮೂಲಿ ಥೀಮ್ ಕನ್ನಡಕ್ಕೆ ಅಂತ ಇಟ್ಟಿರೋದು ತುಂಗಾ ಫಾಂಟ್, ವಿಂಡೋಸ್ ಎಕ್ಸ್‌ಪಿ ಕಾಲದ್ದು. ಬೇರೆ ಬೇಕು ಅಂದರೆ ಕಂಟ್ರೋಲ್ ಮತ್ತು ಡಿ ಒತ್ತಿ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಖಾನೆಯಲ್ಲಿ ನಿಮ್ಮ ಫಾಂಟ್ ಆರಿಸಿ, ಡಿಫಾಲ್ಟ್ ಮಾಡಿಕೊಳ್ಳಬೇಕು. ನಾನು ತೆರೆಯ ಮೇಲೆ ನೋಟೋ ಸೆರಿಫ್ ಕನ್ನಡ ಇಟ್ಟುಕೊಂಡಿದ್ದೇನೆ. ಒತ್ತಕ್ಷರಗಳು ಸ್ಪಷ್ಟ, ಸಂಜೆ ಹೊತ್ತಿಗೆ ಕಣ್ಣಿಗೆ ಸುಸ್ತಾದಾಗಲೂ ಓದಬಹುದು.

ಸಾಲಿನ ಅಂತರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂತರವನ್ನು 'ಇಂತಿಷ್ಟೇ ಪಾಯಿಂಟ್' ಅಂತ ಕಟ್ಟಿಹಾಕಿದ ಫೈಲುಗಳು ಬರುತ್ತವೆ. ಇಂಗ್ಲಿಷಿಗೆ ಅಂತ ಮಾಡಿದ ಟೆಂಪ್ಲೇಟ್ ಅದು. 'ರಾಷ್ಟ್ರ' ಅನ್ನೋ ಪದದ ಕೆಳಗಿನ ಎರಡು ಒತ್ತುಗಳ ಕಾಲು ಕತ್ತರಿಸಿಹೋಗಿರುತ್ತದೆ. ಅದನ್ನು ತಿದ್ದುವ ಬಟನ್ ನನ್ನ ಟೂಲ್‌ಬಾರ್‌ನಲ್ಲಿ ಕಾಯಂ.

ಇಷ್ಟೆಲ್ಲ ದೂರು ಹೇಳಿದ ಮೇಲೆ ಒಂದು ಮಾತು. ಪ್ರೋಗ್ರಾಂ ಬಳಸುವವನೇ ತನ್ನ ತೆರೆಯನ್ನು ತಿದ್ದಿಕೊಳ್ಳಬಹುದು ಅನ್ನೋ ಯೋಚನೆ ಈಗಿನದಲ್ಲ. 1978ರಲ್ಲಿ ಬಂದ ವರ್ಡ್ ಪ್ರೊಸೆಸರ್ ವರ್ಡ್‌ಸ್ಟಾರ್‌ನಲ್ಲೇ ಅದರ ಒಂದು ಸೊಗಸಾದ ರೂಪ ಇತ್ತು. ಅದರಲ್ಲಿ ಮೌಸ್ ಇಲ್ಲ, ಎಲ್ಲವೂ ಕಂಟ್ರೋಲ್ ಕೀ ಜೊತೆ ಅಕ್ಷರ. ಕರ್ಸರ್ ಓಡಿಸೋಕೆ ಇ, ಎಸ್, ಡಿ, ಎಕ್ಸ್. ಕೀಬೋರ್ಡ್ ಮೇಲೆ ಈ ನಾಲ್ಕು ಎಲ್ಲಿವೆ ನೋಡಿ, ದಿಕ್ಕು ತಾನಾಗೇ ಗೊತ್ತಾಗುತ್ತದೆ. ಹೊಸಬರಿಗೆ ಇದೆಲ್ಲ ನೆನಪಿರಲ್ಲ ಅಂತ ತೆರೆಯ ಮೇಲಿನ ಭಾಗದಲ್ಲಿ ಆಜ್ಞೆಗಳ ಪಟ್ಟಿ ಯಾವಾಗಲೂ ಕಾಣುತ್ತಿತ್ತು. ಕಲಿತ ಹಾಗೆಲ್ಲ 'ಹೆಲ್ಪ್ ಲೆವೆಲ್' ಅನ್ನೋದನ್ನು 3ರಿಂದ 2ಕ್ಕೆ, 1ಕ್ಕೆ, ಕೊನೆಗೆ 0ಗೆ ಇಳಿಸಿಕೊಳ್ಳಬಹುದಿತ್ತು. ಪಟ್ಟಿ ಕಡಿಮೆಯಾಗುತ್ತಾ ಹೋಗಿ ಬರಹಕ್ಕೆ ಜಾಗ ಜಾಸ್ತಿ ಸಿಗುತ್ತಿತ್ತು. ಎಷ್ಟು ಕಲಿತಿದ್ದೇನೆ ಅನ್ನೋದನ್ನು ಪ್ರೋಗ್ರಾಂ ಊಹಿಸುತ್ತಿರಲಿಲ್ಲ, ನಾವೇ ಹೇಳಬೇಕಿತ್ತು. ಇದಕ್ಕಿಂತ ಮರ್ಯಾದೆಯ ಏರ್ಪಾಡು ನಾನು ಆಮೇಲೆ ಯಾವ ಪ್ರೋಗ್ರಾಂನಲ್ಲೂ ನೋಡಿಲ್ಲ.

ವರ್ಡ್‌ಪರ್ಫೆಕ್ಟ್ ಇನ್ನೊಂದು ಕಡೆಗೆ ಹೋಯಿತು. 1989ರ 5.1 ಆವೃತ್ತಿ ತೆರೆದರೆ ಹೆಚ್ಚುಕಡಿಮೆ ಖಾಲಿ ತೆರೆ, ಮೂಲೆಯಲ್ಲಿ ಒಂದು ಸಾಲು ಅಷ್ಟೇ. ಎಫ್7 ಅಂದರೆ ಹೊರಗೆ, ಶಿಫ್ಟ್ ಜೊತೆ ಎಫ್7 ಅಂದರೆ ಪ್ರಿಂಟ್, ಎಫ್3 ಅಂದರೆ ಸಹಾಯ. ಇದನ್ನೆಲ್ಲ ನೆನಪಿಡೋಕೆ ಕೀಬೋರ್ಡಿನ ಫಂಕ್ಷನ್ ಕೀಗಳ ಪಕ್ಕ ಇಡುವ ಒಂದು ಪಟ್ಟಿ ಕೊಡುತ್ತಿದ್ದರು. ಅಂದರೆ ಇಂಟರ್ಫೇಸ್ ತೆರೆಯ ಮೇಲಲ್ಲ, ಮೇಜಿನ ಮೇಲೆ ಇತ್ತು.

ಇವೆಲ್ಲಕ್ಕೆ ವಿರುದ್ಧವಾದದ್ದು ಆಫೀಸ್ 2000. ಅದರಲ್ಲಿ ಮೆನುಗಳು ತಮ್ಮನ್ನು ತಾವೇ ಬದಲಿಸಿಕೊಳ್ಳುತ್ತಿದ್ದವು. ನೀವು ಹೆಚ್ಚು ಬಳಸದ್ದನ್ನು ಅದು ಮರೆಮಾಡುತ್ತಿತ್ತು, ಕೆಳಗೆ ಎರಡು ಬಾಣದ ಗುರುತು ಇಟ್ಟು. ನಿಮಗೋಸ್ಕರ ಅಂತಲೇ ಮಾಡಿದ್ದು. ಆದರೆ ನಿನ್ನೆ ಮೂರನೆಯದಾಗಿದ್ದ ಹೆಸರು ಇವತ್ತು ಐದನೆಯದು, ನಾಳೆ ಇಲ್ಲವೇ ಇಲ್ಲ. ನಾವಿಲ್ಲದಾಗ ನೆಂಟರು ಅಡುಗೆಮನೆ ಸೇರಿ ಒಪ್ಪ ಮಾಡಿ ಹೋದ ಹಾಗೆ. ಸಾಸಿವೆ ಡಬ್ಬಿ ಎಲ್ಲೋ ಚೊಕ್ಕವಾಗೇ ಇದೆ, ಒಗ್ಗರಣೆ ಎಣ್ಣೆ ಕಾದಿದೆ, ಕೈ ಹಳೆಯ ಜಾಗದಲ್ಲಿ ತಡಕಾಡುತ್ತಿದೆ. ನನ್ನ ತೆರೆಯನ್ನು ಬದಲಿಸೋದು ನಾನೇ ಆಗಿರಬೇಕು, ಬದಲಿಸಿದ್ದು ಅಲ್ಲೇ ಇರಬೇಕು. ಇದರ ಬಗ್ಗೆ ನನಗೆ ರಾಜಿ ಇಲ್ಲ. ಈಗಿನ ಪ್ರೋಗ್ರಾಂಗಳು ಮತ್ತೆ 'ನಿಮಗೆ ಇದು ಬೇಕಾಗಬಹುದು' ಅಂತ ಶುರು ಮಾಡಿವೆ, ಅದಕ್ಕೇ ಹೇಳುತ್ತಿದ್ದೇನೆ.

ಮೆನುಗಳ ಬದಲು ತೆರೆಯ ಮೇಲ್ಭಾಗದಲ್ಲಿ ಬಟನ್‌ಗಳನ್ನು ಅಗಲಕ್ಕೆ ಹರಡಿದ ರಿಬ್ಬನ್ ಅನ್ನೋ ಪಟ್ಟಿಯ ಬಗ್ಗೆ ನಾನು ಬೇರೆಯವರಷ್ಟು ಬೈಯಲ್ಲ. 1500 ಕಮಾಂಡುಗಳನ್ನು ಮೆನುಗಳ ಒಳಗೆ ತುರುಕೋಕೆ ಆಗಲ್ಲ ಅನ್ನೋದು ನಿಜವೇ. ಆದರೆ 2007ರಲ್ಲಿ ಅದು ಬಂದಾಗ ಬಳಸುವವರ ಕೈಗೆ ಉಳಿದದ್ದು ಮೇಲಿನ ಪುಟ್ಟ ಕ್ವಿಕ್ ಆಕ್ಸೆಸ್ ಪಟ್ಟಿ ಮಾತ್ರ. ರಿಬ್ಬನ್ನನ್ನೇ ಬದಲಿಸುವ ಅವಕಾಶ 2010ರಲ್ಲಿ ಬಂತು. ಆ ಮೂರು ವರ್ಷ ಜನ ಆ ಪುಟ್ಟ ಪಟ್ಟಿಯನ್ನೇ ಹೊಟ್ಟೆ ತುಂಬಾ ತುಂಬಿಸಿಕೊಂಡರು. ಈಗಲೂ ವರ್ಡ್‌ನಲ್ಲಿ ನನಗೆ ಅತ್ಯಂತ ಉಪಯೋಗದ ಜಾಗ ಅದೇ. ಅದರಲ್ಲಿ ಮೊದಲು ಇಟ್ಟದ್ದಕ್ಕೆ ಆಲ್ಟ್ ಜೊತೆ 1, ಎರಡನೆಯದಕ್ಕೆ ಆಲ್ಟ್ ಜೊತೆ 2, ಹೀಗೆ ತಾನಾಗೇ ಶಾರ್ಟ್‌ಕಟ್ ಸಿಗುತ್ತದೆ. ರಿಬ್ಬನ್ನನ್ನು ಕಂಟ್ರೋಲ್ ಮತ್ತು ಎಫ್1 ಒತ್ತಿ ಮಡಿಸಿಟ್ಟು, ಬೇಕಾದ ಐದಾರನ್ನು ಅಲ್ಲಿ ಇಟ್ಟುಕೊಂಡರೆ ತೆರೆ ಪೂರ್ತಿ ನಿಮ್ಮದು.

ಲಿಬ್ರೆಆಫೀಸ್‌ನವರು ಜಗಳವೇ ಬೇಡ ಅಂತ ಎಲ್ಲವನ್ನೂ ಕೊಟ್ಟರು. 2019ರ 6.2 ಆವೃತ್ತಿಯಿಂದ ರಿಬ್ಬನ್ ಥರದ ನೋಟವೂ ಇದೆ, ಹಳೆಯ ಟೂಲ್‌ಬಾರ್‌ಗಳೂ ಇವೆ, ಒಂದೇ ಸಾಲಿನದೂ ಇದೆ, ಬದಿಯ ಪಟ್ಟಿಯೂ ಇದೆ. ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್ಫೇಸ್ ಅಂತ ಒಂದು ಪೆಟ್ಟಿಗೆ, ಆರಿಸಿಕೊಂಡರೆ ಆಯಿತು. ನಾನು ಒಂದೇ ಸಾಲಿನದನ್ನು ಆರಿಸಿ ಅದರಲ್ಲೂ ಅರ್ಧ ಕಿತ್ತುಹಾಕಿದೆ. ಬೋಲ್ಡ್, ಇಟಾಲಿಕ್, ಸೇವ್, ಕಾಪಿ ಇವಕ್ಕೆಲ್ಲ ಬಟನ್ ಯಾಕೆ? ಬೆರಳಿಗೇ ಗೊತ್ತು. ಬಟನ್ ಬೇಕಾಗಿರೋದು ಅಪರೂಪಕ್ಕೆ ಮಾಡುವ, ಆದರೆ ಮಾಡುವಾಗ ಹುಡುಕಾಡಿಸುವ ಕೆಲಸಗಳಿಗೆ. ಕಂಪನಿಗಳು ಇದನ್ನು ಉಲ್ಟಾ ಮಾಡುತ್ತವೆ. ಎಲ್ಲರಿಗೂ ಗೊತ್ತಿರೋದನ್ನೇ ದೊಡ್ಡದಾಗಿ ಮುಂದೆ ಇಡುತ್ತವೆ.

ನನ್ನ ಸಾಲಿನಲ್ಲಿ ಉಳಿದಿರೋದು ಇವು: ಬದಲಾವಣೆಗಳನ್ನು ಗುರುತಿಸುವ ಬಟನ್, ಮುಂದಿನ ಬದಲಾವಣೆಗೆ ಹಾರುವುದು, ಪ್ಯಾರಾ ಸ್ಟೈಲ್ ಪೆಟ್ಟಿಗೆ, ಸಾಲಿನ ಅಂತರ, ಕಾಣದ ಗುರುತುಗಳನ್ನು ತೋರಿಸುವುದು, ಪಿಡಿಎಫ್. ಕಾಮೆಂಟ್ ಹಾಕೋಕೆ ರೈಟರ್‌ನಲ್ಲಿ ಕಂಟ್ರೋಲ್, ಆಲ್ಟ್, ಸಿ; ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್, ಎಮ್. ಎರಡರಲ್ಲೂ ಕೆಲಸ ಮಾಡುವ ನನಗೆ ಇದು ತಲೆನೋವು, ಹಾಗಾಗಿ ರೈಟರ್‌ನಲ್ಲೂ ಎಮ್ ಮಾಡಿಕೊಂಡೆ. ಕೆಳಗಿನ ಪಟ್ಟಿಯಲ್ಲಿ ಪದಗಳ ಲೆಕ್ಕ ಬೇಕೇ ಬೇಕು. (ಸಂಪಾದಕರು '800 ಪದ' ಅಂದಾಗ ಯಾವ ಭಾಷೆಯ ಲೆಕ್ಕ ಅಂತ ನನಗೆ ಯಾವಾಗಲೂ ಅನುಮಾನ. ಇಂಗ್ಲಿಷಿನಲ್ಲಿ ಮೂರು ಪದ ಬೇಡುವುದನ್ನು ಕನ್ನಡ ಎಷ್ಟೋ ಸಲ ಒಂದೇ ಪದದಲ್ಲಿ ಮುಗಿಸುತ್ತದೆ. 800 ಕನ್ನಡ ಪದ ಅಂದರೆ ಪುಟ ತುಂಬಿ ಪಕ್ಕಕ್ಕೆ ಚೆಲ್ಲುತ್ತದೆ.)

ಇನ್ನೊಂದು ಶಾರ್ಟ್‌ಕಟ್ ಇದೆ, ಅದಿಲ್ಲದೆ ನಾನು ಕೆಲಸವೇ ಮಾಡಲಾರೆ. ಈ ಬರಹದಲ್ಲಿ 'ಟೂಲ್‌ಬಾರ್' ಎಷ್ಟು ಸಲ ಬಂತು ನೋಡಿ. ಲ್ ಆದ ಮೇಲೆ ಬಾ ಬೇರೆಯಾಗಿ ನಿಲ್ಲಬೇಕು. ಸುಮ್ನೆ ಬರೆದರೆ 'ಟೂಲ್ಬಾರ್' ಆಗುತ್ತದೆ, ಬ ಹೋಗಿ ಲ್ ಕೆಳಗೆ ಒತ್ತಾಗಿ ಕೂರುತ್ತದೆ. 'ಸಾಫ್ಟ್‌ವೇರ್' ಇನ್ನೂ ಕಷ್ಟ, ಬಿಟ್ಟರೆ 'ಸಾಫ್ಟ್ವೇರ್' ಅಂತ ಮೂರಂತಸ್ತಿನ ಕಟ್ಟಡ. ಇದನ್ನು ತಡೆಯೋಕೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು, ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ. ಕೆಲವು ಕೀಬೋರ್ಡ್ ವಿನ್ಯಾಸಗಳಲ್ಲಿ ಇದಕ್ಕೆ ಸುಲಭದ ದಾರಿ ಇದೆ, ಕೆಲವುಗಳಲ್ಲಿ ಬೆರಳು ಮುರಿದುಕೊಳ್ಳಬೇಕು. ವರ್ಡ್‌ನಲ್ಲಿ ಇನ್ಸರ್ಟ್ ಮೆನುವಿನ ಸಿಂಬಲ್ ಒಳಗೆ ವಿಶೇಷ ಅಕ್ಷರಗಳ ಪಟ್ಟಿಗೆ ಹೋದರೆ 'ನೋ ವಿಡ್ತ್ ಆಪ್ಶನಲ್ ಬ್ರೇಕ್' ಅನ್ನೋ ಹೆಸರಿನಲ್ಲಿ ಇದು ಅಡಗಿ ಕೂತಿದೆ, ಅಲ್ಲೇ ಪಕ್ಕದಲ್ಲಿ ಶಾರ್ಟ್‌ಕಟ್ ಕೀ ಕೊಡುವ ಬಟನ್ ಕೂಡ. ಹೆಸರು ನೋಡಿ ಇದು ಕನ್ನಡಕ್ಕೆ ಬೇಕಾದ್ದು ಅಂತ ಯಾರಿಗೂ ಹೊಳೆಯಲ್ಲ. ಅವಸರಕ್ಕೆ ಇನ್ನೊಂದು ದಾರಿ: ಈ ಅಕ್ಷರದ ಯೂನಿಕೋಡ್ ಸಂಖ್ಯೆ 200ಸಿ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಆಲ್ಟ್ ಮತ್ತು ಎಕ್ಸ್ ಒತ್ತಿ. ರೈಟರ್‌ನಲ್ಲೂ ನಡೆಯುತ್ತದೆ. ನಾನು ಅಲ್ಲಿ ಒಂದು ಪುಟ್ಟ ಮ್ಯಾಕ್ರೋ (ಆ ಕೆಲಸವನ್ನು ತಾನೇ ಮಾಡುವ ಆಜ್ಞೆಗಳ ಸರಣಿ) ಮಾಡಿ ಕೀಗೆ ಕಟ್ಟಿಕೊಂಡಿದ್ದೇನೆ.

ನನಗೆ ನಾನು ಮಾಡಿಕೊಂಡದ್ದಕ್ಕಿಂತ ಖುಷಿ ಕೊಟ್ಟದ್ದು ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಮಾಡಿಕೊಟ್ಟದ್ದು. ಅವರ ಮಗ ತನ್ನ ಹಳೆಯ ಲ್ಯಾಪ್‌ಟಾಪ್ ಬಿಟ್ಟುಹೋಗಿದ್ದ. ಮೇಷ್ಟ್ರಿಗೆ ತಮ್ಮ ಊರಿನ ನೆನಪುಗಳನ್ನು ಬರೆಯುವ ಆಸೆ. ಟೈಪಿಂಗ್ ಬರುತ್ತಿತ್ತು, ಶಾಲೆಯ ಆಫೀಸಿನಲ್ಲಿ ನುಡಿ ಕಲಿತಿದ್ದರು. ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ ಕೈಗೆ ಕೂತಿತ್ತು. ಆದರೆ ತೆರೆ ನೋಡಿ ಗಾಬರಿ.

"ಇಷ್ಟೊಂದು ಯಾಕಪ್ಪಾ ಇದೆ? ಒಂದು ಮುಟ್ಟೋಕೆ ಹೋಗಿ ಇನ್ನೊಂದು ಮುಟ್ಟಿದ್ರೆ?"

"ಯಾವುದು ಬೇಕು ಹೇಳಿ ಮೇಷ್ಟ್ರೇ, ಮಿಕ್ಕಿದ್ದು ತೆಗೆದುಬಿಡ್ತೀನಿ."

"ತೆಗೆಯಬಹುದಾ?" ಅವರಿಗೆ ನಂಬಿಕೆ ಬರಲಿಲ್ಲ. ಮಗನ ಲ್ಯಾಪ್‌ಟಾಪ್ ಕೆಡುತ್ತದೆ ಅಂತ ಭಯ.

ರೈಟರ್‌ನಲ್ಲಿ ಹೊಸ ಟೂಲ್‌ಬಾರ್ ಮಾಡಬಹುದು, ಹಳೆಯದೆಲ್ಲ ಮುಚ್ಚಿಡಬಹುದು. ಬಟನ್‌ಗಳ ಮೇಲೆ ಚಿತ್ರದ ಬದಲು ಬರೀ ಹೆಸರು ಕಾಣುವ ಹಾಗೆ ಮಾಡಬಹುದು, ಆ ಹೆಸರನ್ನೂ ಬದಲಿಸಬಹುದು. ಲಿಬ್ರೆಆಫೀಸ್‌ಗೆ ಪೂರ್ತಿ ಕನ್ನಡ ಮೆನು ಹಾಕಿಕೊಳ್ಳುವ ದಾರಿಯೂ ಇದೆ, ಆದರೆ ಮೇಷ್ಟ್ರಿಗೆ ಮೆನುವೇ ಬೇಡವಾಗಿತ್ತು. ಅವರು ಹೇಳುತ್ತಾ ಹೋದರು, ನಾನು ಅವರ ಮಾತಿನಲ್ಲೇ ಹೆಸರು ಹಾಕಿದೆ. ತೆರೆ. ಉಳಿಸು. ಹಿಂದಕ್ಕೆ. ಅಕ್ಷರ ದೊಡ್ಡದು. ಅಕ್ಷರ ಸಣ್ಣದು. ಪ್ರಿಂಟು. ಕೊನೆಗೆ "ಪಿಡಿಎಫ್ ಅಂತೀರಲ್ಲ, ಅದೂ ಇರಲಿ, ಮಗನಿಗೆ ಕಳಿಸೋಕೆ" ಅಂದರು. ಅದಕ್ಕೆ ಹೆಸರು 'ಮಗನಿಗೆ' ಅಂತಲೇ ಇಟ್ಟೆ. ನಕ್ಕರು, ಆದರೆ ಬದಲಿಸು ಅನ್ನಲಿಲ್ಲ.

ಆಮೇಲೆ ಒಂದು ದಿನ ಕರೆಸಿ, 'ಹಿಂದಕ್ಕೆ' ಪಕ್ಕದಲ್ಲಿ 'ಮುಂದಕ್ಕೆ'ಯೂ ಬೇಕು ಅಂದರು. ಅಂಡೂ ಒತ್ತಿ ಒತ್ತಿ ಒಂದು ಪ್ಯಾರಾ ಹಿಂದೆ ಹೋಗಿಬಿಟ್ಟಿದ್ದರಂತೆ. ರೀಡೂ ಅಂತ ಒಂದು ಇದೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ, ಇರಲೇಬೇಕು ಅಂತ ಮಾತ್ರ ಗೊತ್ತಿತ್ತು. ಇಂಟರ್ಫೇಸ್ ವಿನ್ಯಾಸ ಮಾಡುವವರು ದೊಡ್ಡ ದೊಡ್ಡ ಲೆಕ್ಕ ತೆಗೆಯುತ್ತಾರೆ. ಮೇಷ್ಟ್ರು ಎಂಟು ಬಟನ್‌ನಲ್ಲಿ ಇಡೀ ಊರಿನ ಕಥೆ ಬರೆಯುತ್ತಿದ್ದಾರೆ.

ಇದಕ್ಕೆ ಇನ್ನೊಂದು ಮುಖ ಇದೆ, ಅದನ್ನೂ ಹೇಳಬೇಕು. ಜಾಸ್ತಿ ಬದಲಿಸಿಕೊಂಡಷ್ಟೂ ಬೇರೆಯವರ ಕಂಪ್ಯೂಟರ್ ಮುಂದೆ ನೀವು ಪರದೇಶಿ. ಪ್ರೆಸ್ಸಿನಲ್ಲಿ ಕೂತು ಕೊನೆಯ ಗಳಿಗೆಯಲ್ಲಿ ಪುಟ ತಿದ್ದುವಾಗ ನನ್ನ ಬೆರಳು ನನ್ನ ಶಾರ್ಟ್‌ಕಟ್ ಒತ್ತುತ್ತದೆ, ಅಲ್ಲಿ ಇನ್ನೇನೋ ತೆರೆದುಕೊಳ್ಳುತ್ತದೆ, ಪಕ್ಕದಲ್ಲಿ ನಿಂತ ಹುಡುಗ "ಸಾರ್, ನಾನೇ ಮಾಡ್ಲಾ?" ಅನ್ನುತ್ತಾನೆ. ಅದಕ್ಕೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಇರುವ ಶಾರ್ಟ್‌ಕಟ್‌ಗೆ ಬೇರೆ ಅರ್ಥ ಕೊಡಲ್ಲ. ಖಾಲಿ ಇರುವ ಕೀಗೆ ಮಾತ್ರ ಹೊಸದು. ಬಟನ್ ತೆಗೆಯೋದು ಎಷ್ಟು ಬೇಕಾದರೂ, ಯಾಕಂದ್ರೆ ಇಲ್ಲದ ಬಟನ್ ಬೇರೆ ಕಡೆ ಇದ್ದರೆ ತೊಂದರೆ ಇಲ್ಲ.

ಬೇಕಾದದ್ದು ಸಿಗದಿದ್ದಾಗ ಹುಡುಕೋಕೆ ಈಗ ಎರಡರಲ್ಲೂ ದಾರಿ ಇದೆ. ವರ್ಡ್‌ನಲ್ಲಿ ಆಲ್ಟ್ ಮತ್ತು ಕ್ಯೂ, ರೈಟರ್‌ನಲ್ಲಿ 2021ರ 7.2 ಆವೃತ್ತಿಯಿಂದ ಶಿಫ್ಟ್ ಮತ್ತು ಎಸ್ಕೇಪ್. ಕಮಾಂಡಿನ ಹೆಸರು ಬರೆದರೆ ಬರುತ್ತದೆ. ಇದು ಬಂದ ಮೇಲೆ ನನಗೆ ಮೆನು ಪಟ್ಟಿಯೂ ಬೇಡ ಅನ್ನಿಸಿದೆ.

ಹೊಸ ಕಂಪ್ಯೂಟರಿಗೆ ಹೋಗುವಾಗ ಇವನ್ನೆಲ್ಲ ಹೊತ್ತುಕೊಂಡು ಹೋಗೋದು ಹೇಗೆ ಅನ್ನೋದು ಯಾರೂ ಹೇಳದ ವಿಷಯ. ವರ್ಡ್‌ನಲ್ಲಿ ಒಂದೊಂದು ಒಂದೊಂದು ಕಡೆ. ಸ್ಟೈಲು, ಶಾರ್ಟ್‌ಕಟ್, ಮ್ಯಾಕ್ರೋಗಳು ನಾರ್ಮಲ್ ಅನ್ನೋ ಟೆಂಪ್ಲೇಟ್ ಫೈಲಿನಲ್ಲಿ, ರಿಬ್ಬನ್ ಮತ್ತು ಕ್ವಿಕ್ ಆಕ್ಸೆಸ್ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಫೈಲು, ಆಟೋಕರೆಕ್ಟ್ ಇನ್ನೊಂದು, ನೀವು ಸೇರಿಸಿದ ಪದಗಳ ನಿಘಂಟು ಮತ್ತೊಂದು. ರೈಟರ್‌ನಲ್ಲಿ ಎಲ್ಲ ಒಂದೇ ಪ್ರೊಫೈಲ್ ಫೋಲ್ಡರಿನಲ್ಲಿ ಇರುತ್ತದೆ, ಅದನ್ನು ಎತ್ತಿ ಹೊಸ ಕಂಪ್ಯೂಟರಿನಲ್ಲಿ ಅದೇ ಜಾಗಕ್ಕೆ ಹಾಕಿದರೆ ನಿಮ್ಮ ತೆರೆ ನಿಮ್ಮ ಹಿಂದೆ ಬರುತ್ತದೆ. ನಾನು ರೈಟರ್ ಕಡೆ ವಾಲಿದ್ದಕ್ಕೆ ಬೆಲೆಗಿಂತ ಇದು ದೊಡ್ಡ ಕಾರಣ. ನಿಘಂಟಿನ ಫೈಲನ್ನು ಮಾತ್ರ ಪ್ರತ್ಯೇಕವಾಗಿಯೂ ಕಾಪಿ ಇಟ್ಟುಕೊಂಡಿದ್ದೇನೆ. ಕನ್ನಡದ ಸ್ಪೆಲ್‌ಚೆಕ್ ಮೂಲ ಪದ ಗೊತ್ತಿದ್ದರೂ ಅದಕ್ಕೆ ಅಂಟುವ ಬಾಲಗಳಿಗೆ ಕೆಂಪು ಗೆರೆ ಎಳೆಯುತ್ತದೆ, 'ಮನೆಯವರೊಂದಿಗೂ' ಅನ್ನೋದನ್ನು ಯಾವ ಪಟ್ಟಿಯಲ್ಲಿ ಅಂತ ಹಾಕೋದು? ಸೇರಿಸುತ್ತಾ ಸೇರಿಸುತ್ತಾ ನನ್ನ ಕೆಂಪು ಗೆರೆಗಳು ಕಮ್ಮಿಯಾಗಿವೆ. ಈಗ ಗೆರೆ ಬಂದರೆ ನಿಜವಾಗಲೂ ಏನೋ ತಪ್ಪಿದೆ ಅಂತ ತಿರುಗಿ ನೋಡುತ್ತೇನೆ.

ಬದಲಿಸಲಾಗದ್ದೂ ಇವೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಕನ್ನಡದ ಅಕ್ಷರದಿಂದ ಒಂದೊಂದೇ ಚೂರು ಹೋಗುತ್ತದೆ, ಮೊದಲು ಗುಣಿತ, ಆಮೇಲೆ ಒತ್ತು. ಡಿಲೀಟ್ ಒತ್ತಿದರೆ ಇಡೀ ಅಕ್ಷರ ಒಂದೇ ಏಟಿಗೆ. ಎರಡಕ್ಕೂ ಅವುಗಳದೇ ಉಪಯೋಗ ಇದೆ, ಆದರೆ ನಾನು ಆರಿಸಿಕೊಳ್ಳುವ ಹಾಗಿದ್ದರೆ ಅಂತ ಎಷ್ಟೋ ಸಲ ಅನ್ನಿಸುತ್ತದೆ. ಆ ಮಟ್ಟಕ್ಕೆ ಯಾವ ಸೆಟ್ಟಿಂಗ್ ಪೆಟ್ಟಿಗೆಯೂ ಇಳಿಯಲ್ಲ.

ಈಗ ಕೆಲಸ ಹೆಚ್ಚುಹೆಚ್ಚಾಗಿ ಬ್ರೌಸರಿಗೆ ಹೋಗುತ್ತಿದೆ. ಗೂಗಲ್ ಡಾಕ್ಸ್‌ನಲ್ಲಿ ಮೇಲಿನ ಮೆನು ಮಡಿಸಬಹುದು, ಅಷ್ಟೇ. ಟೂಲ್‌ಬಾರ್‌ನಲ್ಲಿ ಯಾವುದು ಇರಬೇಕು, ಯಾವುದು ಎಲ್ಲಿರಬೇಕು ಅನ್ನೋದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಬದಲಾಗಿ ನಾಲ್ಕು ಜನ ಒಟ್ಟಿಗೆ ತಿದ್ದುವ ಅನುಕೂಲ ಇದೆ, ಸಂಪಾದಕರಿಗೆ ಅದು ಇಷ್ಟ, ಬೇಡ ಅನ್ನೋಕೆ ನನಗೆ ಮನಸ್ಸಿಲ್ಲ. ಅಂಥ ಕೊಂಡಿ ಬಂದಾಗ ನಾನು ಫೈಲನ್ನು ಇಳಿಸಿಕೊಳ್ಳುತ್ತೇನೆ, ನನ್ನ ಖಾಲಿ ತೆರೆಯಲ್ಲಿ ತಿದ್ದುತ್ತೇನೆ, ಮತ್ತೆ ಏರಿಸುತ್ತೇನೆ. ಕಾಮೆಂಟುಗಳು ಇದ್ದ ಜಾಗದಲ್ಲೇ ಅವರಿಗೆ ಸಿಕ್ಕರೆ ಸಾಕು. ಇಲ್ಲಿವರೆಗೆ ಸಿಕ್ಕಿವೆ, ಯಾರೂ ಕೇಳಿಲ್ಲ.